ಒಂದು ಗೆಲ್ಲು ಕೊಡಿ

ನಾವು ಅಕ್ಷರ ಕಲಿತದ್ದು ಉರ್ದು ಶಾಲೆಯಲ್ಲಿ. ಅಲ್ಲಿನ ಉಸ್ತಾದರು ಬರೆಯಲು ಕೂರಿಸುವ ಮೊದಲು ಬಿದಿರಿನ ಸಣ್ಣ ಕಡ್ಡಿಯೊಂದನ್ನು ಚೂರಿಯಿಂದ ಹೆರೆದು, ತುದಿಯನ್ನು ಓರೆಯಾಗಿ ಕತ್ತರಿಸಿ ನಮ್ಮ ಕೈಗೆ ಕೊಡುತ್ತಿದ್ದರು. ಅದಕ್ಕೆ ಕಲಂ ಎಂದು ಹೆಸರು. ಸಂಜೆ ಮನೆಗೆ ಬಂದರೆ ನಮ್ಮ ದಾದಿಮಾ ಹಿತ್ತಿಲಿನಲ್ಲಿ ಕತ್ತಿ ಹಿಡಿದು ಗೆಲ್ಲೊಂದನ್ನು ಹಾಗೆಯೇ ಓರೆಯಾಗಿ ಕಡಿದು ಮಣ್ಣಿಗೆ ಊರುತ್ತಿದ್ದರು. ಅದನ್ನೂ ಅವರು ಕಲಂ ಎಂದೇ ಕರೆಯುತ್ತಿದ್ದರು. ಬರೆಯುವ ಕಡ್ಡಿಗೂ ನೆಡುವ ಕಡ್ಡಿಗೂ ಒಂದೇ ಹೆಸರು ಏಕೆ ಎಂದು ಕೇಳುವಷ್ಟು ಬುದ್ಧಿ ಆಗ ನಮಗಿರಲಿಲ್ಲ.

ಮುಂದೆ ಕನ್ನಡ ಹೈಸ್ಕೂಲಿಗೆ ಸೇರಿದಾಗ ಮೂರನೆಯ ಕಲಂ ಒಂದು ಎದುರಾಯಿತು. ಅದು ಪತ್ರಿಕೆಗಳಲ್ಲಿ ಬರುವ ಕಾನೂನಿನ ಕಲಂ. ಉತ್ತರ ಕರ್ನಾಟಕದ ಕಡೆ ಹೋದವರಿಗೆ ನಾಲ್ಕನೆಯದೂ ಗೊತ್ತು. ಧಾರವಾಡದ ಪೇಟೆಯಲ್ಲಿ ಕಸಿ ಮಾವಿಗೆ ಇಂದಿಗೂ ಕಲ್ಮಿ ಎನ್ನುತ್ತಾರೆ. ಅರಬಿ, ಫಾರ್ಸಿ, ಉರ್ದು, ಮರಾಠಿ, ಕನ್ನಡಗಳಲ್ಲಿ ಊರಿಂದೂರಿಗೆ ಬೇರು ಬಿಡುತ್ತಾ ಬಂದ ಈ ಶಬ್ದವೇ ಒಂದು ನೆಟ್ಟ ಕಡ್ಡಿಯಂತಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಿನ ನಮ್ಮ ಈ ನೆಲದ ಚರಿತ್ರೆಯನ್ನು ಬರೆದವರು ಬಸದಿಗಳ ಬಗ್ಗೆ, ಅರಮನೆಗಳ ಬಗ್ಗೆ, ಕೋಟೆಗಳ ಬಗ್ಗೆ ಬರೆದಿದ್ದಾರೆ. ಅಂಗಳದ ಮೂಲೆಯಲ್ಲಿ ನಿಂತ ಹಣ್ಣಿನ ಮರಕ್ಕೂ ಒಂದು ಚರಿತ್ರೆ ಇದೆ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ. ಬೀಜದಿಂದ ಹುಟ್ಟುವ ಮರಕ್ಕೆ ಹಕ್ಕಿ, ಬಾವಲಿ, ಹರಿಯುವ ನೀರು ಸಾಕು. ಗೆಲ್ಲಿನಿಂದ ಹುಟ್ಟುವ ಮರಕ್ಕಾದರೋ ಒಬ್ಬರು ಕೇಳಬೇಕು, ಇನ್ನೊಬ್ಬರು ಕಡಿದು ಕೊಡಬೇಕು. ಆದ್ದರಿಂದ ಇಂತಹ ಮರಗಳ ಚರಿತ್ರೆಯೆಂದರೆ ನೆರೆಹೊರೆಯ ಚರಿತ್ರೆ. ಅದನ್ನು ಸ್ವಲ್ಪ ಕೆದಕಿ ನೋಡುವುದು ಈ ಲೇಖನದ ಉದ್ದೇಶ.

ಕಡ್ಡಿ ಬೇರು ಬಿಡುವ ಬಗೆ

ನಮ್ಮ ಮನೆಯ ಬೇಲಿಯಲ್ಲಿ ಒಂದು ಅಂಬಡೆ ಮರವಿತ್ತು. ಘಟ್ಟದ ಮೇಲಿನವರು ಅಮಟೆ ಎನ್ನುವುದು ಇದಕ್ಕೇ. ಎಳೆಯ ಕಾಯಿ ಉಪ್ಪಿನಕಾಯಿಗೆ, ಬಲಿತದ್ದು ಮೀನಿನ ಸಾರಿನ ಹುಳಿಗೆ. ಒಳಗಿನ ಗೊರಟು ನಾರುನಾರಾಗಿ ಗಟ್ಟಿಯಿರುವುದರಿಂದ ಅದನ್ನು ಹೂತು ಮೊಳಕೆಗಾಗಿ ಕಾಯುವವರು ಕಡಿಮೆ. ಮರ ಎಲೆ ಉದುರಿಸಿ ಬೋಳಾಗಿ ನಿಂತಾಗ, ಹೊಸ ಚಿಗುರು ಬರುವ ಮೊದಲೇ ಕೈಗಾತ್ರದ ಗೆಲ್ಲನ್ನು ಕಡಿದು, ಒಂದೆರಡು ದಿನ ನೆರಳಿನಲ್ಲಿಟ್ಟು ಗಾಯ ಒಣಗಿಸಿ, ಗೂಟದಂತೆ ನೆಟ್ಟುಬಿಡುತ್ತಾರೆ. ನುಗ್ಗೆಯ ಕ್ರಮವೂ ಇದೇ. ಬೇಲಿಗೆಂದು ನೆಟ್ಟ ಗೂಟವೇ ನಾಲ್ಕೈದು ವರ್ಷಗಳಲ್ಲಿ ಕಾಯಿ ಕೊಡುವ ಮರವಾಗುತ್ತದೆ.

ಇದರ ಗುಟ್ಟು ತೊಗಟೆಗೂ ಮರಕ್ಕೂ ನಡುವೆ ಇರುವ ತೆಳುವಾದ ಹಸಿ ಪದರದಲ್ಲಿದೆ. ಮರ ದಪ್ಪಗಾಗುವುದು ಈ ಪದರದಿಂದಲೇ. ಗಾಯವಾದಾಗ ಅಲ್ಲಿನ ಜೀವಕೋಶಗಳು ಗುಂಪುಗೂಡಿ ಗಂಟಿನಂತಾಗುತ್ತವೆ. ಗಾಯದ ಬಳಿಯ ಜೀವಕೋಶಗಳಿಂದ ಬೇರು ಹೊರಡುತ್ತದೆ. ಎಲೆಯಲ್ಲಿ, ಮೊಗ್ಗಿನಲ್ಲಿ ಹುಟ್ಟುವ ಒಂದು ರಸ ಕೆಳಮುಖವಾಗಿ ಇಳಿದು ಕಡಿದ ತುದಿಯಲ್ಲಿ ಶೇಖರವಾಗಿ ಬೇರನ್ನು ಎಬ್ಬಿಸುತ್ತದೆ. ಹಾಲೆಂಡಿನ ವಿಜ್ಞಾನಿ ಫ್ರಿಟ್ಸ್ ವೆಂಟ್ 1920ರ ದಶಕದ ಕೊನೆಯಲ್ಲಿ ಓಟ್ಸ್ ಮೊಳಕೆಗಳಲ್ಲಿ ಈ ರಸದ ಇರವನ್ನು ತೋರಿಸಿಕೊಟ್ಟರು. ಅದಕ್ಕೆ ಆಕ್ಸಿನ್ ಎಂದು ಹೆಸರಾಯಿತು. 1930ರ ದಶಕದಲ್ಲಿ ಅದೇ ರಸ ಬೇರು ಬರಿಸುತ್ತದೆ ಎಂಬುದೂ ಖಚಿತವಾಯಿತು. ಇಂದು ನರ್ಸರಿಯವರು ಕಡ್ಡಿಯ ಬುಡಕ್ಕೆ ಸವರುವ ಬಿಳಿ ಪುಡಿ ಈ ಸಂಶೋಧನೆಯ ಫಲ.

ಕಡ್ಡಿಗೆ ಮೇಲು ಕೆಳಗು ಎಂಬುದಿದೆ. ತಲೆಕೆಳಗಾಗಿ ನೆಟ್ಟರೆ ಅದು ಸರಿಯಾಗಿ ಬದುಕುವುದಿಲ್ಲ. ಅದಕ್ಕೇ ಅನುಭವಿಗಳು ಬುಡವನ್ನು ಓರೆಯಾಗಿಯೂ ತಲೆಯನ್ನು ನೇರವಾಗಿಯೂ ಕಡಿಯುತ್ತಾರೆ. ಹತ್ತಾರು ಕಡ್ಡಿ ಕಟ್ಟಿಟ್ಟರೂ ಗುರುತು ತಪ್ಪುವುದಿಲ್ಲ. ಸಣ್ಣ ಗಿಡಗಳಿಗೆ ಪೆನ್ಸಿಲ್ ಗಾತ್ರದ, ಗೇಣುದ್ದದ ಕಡ್ಡಿ ಉತ್ತಮ ಎಂದು ತೋಟಗಾರಿಕೆ ಪುಸ್ತಕಗಳು ಹೇಳುತ್ತವೆ. ಪೆನ್ಸಿಲ್ ಗಾತ್ರ, ಓರೆ ತುದಿ. ಉಸ್ತಾದರ ಕಲಂ ಮತ್ತು ದಾದಿಮಾರ ಕಲಂ ಒಂದೇ ಹೆಸರು ಪಡೆದದ್ದು ಏಕೆಂದು ನಮಗೆ ಹೊಳೆದದ್ದು ಇದನ್ನು ಓದಿದ ಮೇಲೆ.

ಎಲ್ಲ ಮರಗಳೂ ಈ ಮಾತಿಗೆ ಒಪ್ಪುವುದಿಲ್ಲ. ಜಂಬು ನೇರಳೆ, ದಾಳಿಂಬೆ, ಅಂಜೂರ ಸುಲಭವಾಗಿ ಬೇರು ಬಿಡುತ್ತವೆ. ಮಾವು, ಹಲಸು, ಗೇರು ಹಠಮಾರಿಗಳು. ಅವಕ್ಕೆ ಬೇರಿರುವ ಇನ್ನೊಂದು ಗಿಡದ ಮೇಲೆ ಕಸಿ ಕಟ್ಟಬೇಕು, ಇಲ್ಲವೇ ಗೆಲ್ಲು ಮರದಲ್ಲಿರುವಾಗಲೇ ತೊಗಟೆ ಸುಲಿದು, ಒದ್ದೆ ಮಣ್ಣು ಮತ್ತು ನಾರು ಸುತ್ತಿ, ಬೇರು ಬಂದ ನಂತರ ಬೇರ್ಪಡಿಸುವ ಗೂಟಿ ವಿಧಾನಕ್ಕೆ ಶರಣಾಗಬೇಕು. ಅಡಿಕೆ, ತೆಂಗುಗಳಲ್ಲಿ ಆ ಹಸಿ ಪದರವೇ ಇಲ್ಲ. ಅಡಿಕೆಯ ನಾಡಾದ ನಮ್ಮಲ್ಲಿ ಅಡಿಕೆ ಮರ ಮಾತ್ರ ಯಾವ ಕೈಚಳಕಕ್ಕೂ ಬಗ್ಗದೆ ಗೋಟಿನಿಂದಲೇ ಹುಟ್ಟಬೇಕು.

ಹಳೆಯ ಗ್ರಂಥಗಳಲ್ಲಿ

ಈ ವಿದ್ಯೆ ಯಾರದು ಎಂದು ಹುಡುಕಿದರೆ ಉತ್ತರ ಒಂದೇ ಕಡೆ ಸಿಗುವುದಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದ ಎಂಬ ಅಧ್ಯಾಯವಿದೆ. ಕಾಂಡವನ್ನು ಕಡಿದು, ಸಗಣಿ ಸವರಿ ನೆಡಬಹುದಾದ ಮರಗಳ ಪಟ್ಟಿಯಲ್ಲಿ ಅವನು ಹಲಸು, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಲಗಳನ್ನು ಸೇರಿಸಿದ್ದಾನೆ. ಕಸಿಯ ಪ್ರಸ್ತಾಪವೂ ಅಲ್ಲಿದೆ. ಕನ್ನಡದಲ್ಲೇ ಸುಮಾರು 1025ರಲ್ಲಿ ಚಾವುಂಡರಾಯ ಎಂಬ ಕವಿ ಲೋಕೋಪಕಾರವನ್ನು ಬರೆದ. ಮನೆ ಕಟ್ಟುವುದು, ನೀರಿನ ಸೆಲೆ ಹುಡುಕುವುದು, ಅಡುಗೆ ಮಾಡುವುದು, ಗಿಡಮರ ಸಾಕುವುದು ಎಲ್ಲವೂ ಅದರಲ್ಲಿ ಸೇರಿವೆ. ರಾಜರ ಪರಾಕ್ರಮವನ್ನು ಹೊಗಳುವ ಕಾವ್ಯಗಳ ಕಾಲದಲ್ಲಿ ಒಬ್ಬ ಕನ್ನಡ ಕವಿ ಗಿಡಕ್ಕೆ ಏನು ಗೊಬ್ಬರ ಹಾಕಬೇಕೆಂದು ಬರೆದ ಎಂಬುದು ಸಣ್ಣ ಮಾತಲ್ಲ.

ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿ ಇಬ್ನ್ ಬಸ್ಸಾಲ್ ಎಂಬ ತೋಟಗಾರ ತಾನು ಕೈಯಾರೆ ಮಾಡಿ ನೋಡಿದ್ದನ್ನು ಅರಬಿಯಲ್ಲಿ ಬರೆದಿಟ್ಟ. ಹನ್ನೆರಡನೆಯ ಶತಮಾನದಲ್ಲಿ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಕಿತಾಬುಲ್ ಫಿಲಾಹ ಎಂಬ ಕೃಷಿಗ್ರಂಥ ರಚಿಸಿ, ಐವತ್ತಕ್ಕೂ ಹೆಚ್ಚು ಹಣ್ಣಿನ ಮರಗಳ ಬೇಸಾಯವನ್ನೂ ಕಸಿಯ ಬಗೆಗಳನ್ನೂ ವಿವರಿಸಿದ. ಗ್ರೀಕರಿಂದ, ಇರಾಕಿನ ಹಳೆಯ ಬೇಸಾಯಗಾರರಿಂದ ಕಲಿತದ್ದನ್ನು ಅವರ ಹೆಸರು ಹೇಳಿಯೇ ಅವನು ದಾಖಲಿಸಿದ್ದಾನೆ.

ಮೊಗಲ್ ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಮುಹಮ್ಮದ್ ಕುಲಿ ಅಫ್ಶಾರ್ ಎಂಬ ತೋಟದ ಅಧಿಕಾರಿಯನ್ನು ನೆನೆಯುತ್ತಾನೆ. ಕಾಬೂಲಿನಿಂದ ಚೆರ್ರಿಯನ್ನು ಕಾಶ್ಮೀರಕ್ಕೆ ತಂದು, ಕಸಿ ಕಟ್ಟುವ ಪದ್ಧತಿಯನ್ನು ಅಲ್ಲಿ ಹರಡಿದವನು ಇವನೇ ಎನ್ನುತ್ತಾನೆ. ಕಸಿಗೆ ಫಾರ್ಸಿಯಲ್ಲಿ ಪೈವಂದ್ ಎನ್ನುತ್ತಾರೆ. ಉರ್ದುವಿನಲ್ಲಿ ಅದೇ ಶಬ್ದಕ್ಕೆ ಬಟ್ಟೆಗೆ ಹಾಕುವ ತೇಪೆ ಎಂಬ ಅರ್ಥವೂ ಇದೆ. ಹರಿದದ್ದನ್ನು ಕೂಡಿಸುವುದು ಎಂದಷ್ಟೇ ಅದರ ತಾತ್ಪರ್ಯ.

ಬಾದಶಹರ ತೋಟದವನಿಗೆ ಹೀಗೆ ಹೆಸರು ಉಳಿಯಿತು. ಹಳ್ಳಿಯ ಅಂಗಳದಲ್ಲಿ ಅದೇ ಕೆಲಸ ಮಾಡಿದ ಲಕ್ಷಾಂತರ ಕೈಗಳಿಗೆ ಹೆಸರಿಲ್ಲ.

ಮೆಣಸಿನ ಬಳ್ಳಿ ಮತ್ತು ಮಳೆ

ನಮ್ಮ ಕರಾವಳಿಗೆ ಕಡ್ಡಿ ನೆಡುವುದನ್ನು ಕಲಿಸಿದ್ದು ಹಣ್ಣಿನ ಮರಕ್ಕಿಂತ ಮೊದಲು ಕರಿಮೆಣಸೇ ಇರಬೇಕು. ತುಳುವಿನಲ್ಲಿ ಅದು ಎಡ್ಡೆಮುಂಚಿ, ಅಂದರೆ ಒಳ್ಳೆಮೆಣಸು. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಬಳ್ಳಿಯನ್ನು ಗೆಣ್ಣುಗೆಣ್ಣಾಗಿ ಕತ್ತರಿಸಿ ನೆಟ್ಟರೆ ಅದು ಮರ ಹತ್ತುತ್ತದೆ. ಫಲ ಕೊಡುವ ಅಡ್ಡಗೆಲ್ಲನ್ನು ಕತ್ತರಿಸಿ ನೆಟ್ಟರೆ ಹತ್ತುವುದಿಲ್ಲ, ಪೊದೆಯಾಗಿ ನೆಲದಲ್ಲೇ ಉಳಿಯುತ್ತದೆ. ಪುನರ್ಪುಳಿಯ ಸ್ವಭಾವವೂ ಇದೇ. ನೇರಕ್ಕೆ ಬೆಳೆದ ಕುಡಿಯಿಂದ ಕಸಿ ಕಟ್ಟಿದರೆ ಮರ ನೇರ ಏಳುತ್ತದೆ, ಅಡ್ಡಗೆಲ್ಲಿನಿಂದ ಕಟ್ಟಿದರೆ ಅಡ್ಡಕ್ಕೇ ಹರಡುತ್ತದೆ. ತಾನು ಮರದ ಯಾವ ಭಾಗವಾಗಿದ್ದೆ ಎಂಬುದನ್ನು ಕಡ್ಡಿ ಮರೆಯುವುದಿಲ್ಲ.

ಇಬ್ನ್ ಬತೂತಾ ಮಂಗಳೂರಿಗೆ ಬಂದದ್ದು ಸುಮಾರು 1342ರಲ್ಲಿ. ಆಗಲೇ ಇಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದರೆಂದು ಅವನು ಹೇಳುತ್ತಾನೆ. ಮೆಣಸಿನ ಗಿಡವನ್ನು ತೆಂಗಿನ ಬುಡದಲ್ಲಿ ನೆಟ್ಟು ದ್ರಾಕ್ಷಿಯ ಬಳ್ಳಿಯಂತೆ ಹಬ್ಬಿಸುವುದನ್ನು ಅವನು ವಿವರಿಸಿದ್ದಾನೆ. ಮೂಡುಬಿದಿರೆಯಲ್ಲಿ ಅರಮನೆ ಕಟ್ಟಿಕೊಂಡಿದ್ದ ಜೈನ ಚೌಟರು, ಅವರ ವಂಶದ ಉಳ್ಳಾಲದ ರಾಣಿ ಅಬ್ಬಕ್ಕ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಸೆಣಸಿದ್ದರ ಹಿಂದೆಯೂ ಈ ಬಳ್ಳಿಯ ವ್ಯಾಪಾರವಿತ್ತು.

ಕೇರಳದಲ್ಲಿ ಒಂದು ದಂತಕಥೆ ಇದೆ. ಪೋರ್ಚುಗೀಸರು ಮೆಣಸಿನ ಬಳ್ಳಿಯ ತುಂಡುಗಳನ್ನು ಒಯ್ಯುತ್ತಿದ್ದಾರೆಂದು ದೂರು ಬಂದಾಗ ಕಲ್ಲಿಕೋಟೆಯ ಸಾಮೂದಿರಿ ನಕ್ಕು, ಬಳ್ಳಿ ಒಯ್ದರೆ ಒಯ್ಯಲಿ, ನಮ್ಮ ಮಳೆಯನ್ನು ಒಯ್ಯಲಾರರಲ್ಲ ಎಂದನಂತೆ. ಕತೆ ಸೊಗಸಾಗಿದೆ. ಆದರೆ ಚರಿತ್ರೆ ಅವನ ಪರ ನಿಲ್ಲಲಿಲ್ಲ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ.

ಬ್ರಿಟಿಷರು ಶ್ರೀರಂಗಪಟ್ಟಣವನ್ನು ಗೆದ್ದ ನಂತರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಈ ನಾಡಿನ ಸಮೀಕ್ಷೆಗೆ ಕಳುಹಿಸಿದರು. 1801ರ ಆರಂಭದಲ್ಲಿ ಅವನು ಮಂಗಳೂರಿನಿಂದ ಹೊರಟು ಫರಂಗಿಪೇಟೆಯ ಬಳಿಯಿಂದ ಬೆಳ್ತಂಗಡಿಗೆ ಬಂದ. ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆಯನ್ನು ನೋಡಿದ. ವೇಣೂರು, ಮೂಡುಬಿದಿರೆಗಳ ಬಸದಿಗಳನ್ನು ಕಂಡು ಕಾರ್ಕಳದತ್ತ ಸಾಗಿದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಮಣ್ಣು, ಭತ್ತ, ತೋಟ, ತೆರಿಗೆ ಎಲ್ಲದರ ಲೆಕ್ಕವಿದೆ. ಆದರೆ ಯಾರ ಅಂಗಳದ ಗೆಲ್ಲು ಯಾರ ಬೇಲಿಗೆ ಹೋಯಿತು ಎಂಬುದನ್ನು ಕಂಪೆನಿ ಸರಕಾರದ ಸಮೀಕ್ಷೆಯಲ್ಲಿ ಹುಡುಕುವುದು ವ್ಯರ್ಥ. ತೆರಿಗೆ ಬೀಳದ ವ್ಯವಹಾರ ದಫ್ತರಕ್ಕೆ ಬರುವುದಿಲ್ಲ.

ಹಡಗಿನಲ್ಲಿ ಬಂದವು

ನಾವು ನಮ್ಮವೆಂದೇ ನಂಬಿರುವ ಹಣ್ಣುಗಳಲ್ಲಿ ಎಷ್ಟೋ ಹಡಗು ಹತ್ತಿ ಬಂದವು. ಗೇರು ಬ್ರೆಜಿಲಿನದು. ಪೇರಳೆಯ ಹೆಸರಿನಲ್ಲೇ ಪೋರ್ಚುಗೀಸರ ಪೇರ ಇದೆ. ಅನಾನಸೂ ಅದೇ ದಾರಿಯಲ್ಲಿ ಬಂತು. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ ಐನೆ ಅಕ್ಬರಿಯಲ್ಲಿ ಅನಾನಸಿಗೆ ಕಟ್‌ಹಲೆ ಸಫರಿ, ಅಂದರೆ ಪ್ರಯಾಣದ ಹಲಸು ಎಂಬ ಹೆಸರೂ ಇದೆ ಎಂದಿದ್ದಾನೆ. ಎಳೆಯ ಗಿಡವನ್ನು ಪಾತ್ರೆಯಲ್ಲಿಟ್ಟು ಪ್ರಯಾಣದಲ್ಲಿ ಒಯ್ಯಬಹುದು, ಅದು ಹಣ್ಣನ್ನೂ ಬಿಡುತ್ತದೆ ಎಂಬುದು ಅದಕ್ಕೆ ಕಾರಣವಂತೆ.

ಆದರೆ ಪ್ರಯಾಣದ ಹಲಸು ಎಂಬ ಹೆಸರಿಗೆ ನಿಜವಾದ ಹಕ್ಕುದಾರ ನಮ್ಮ ಜೀಗುಜ್ಜೆ. ತುಳುವಿನಲ್ಲಿ ಗುಜ್ಜೆ ಎಂದರೆ ಎಳೆ ಹಲಸು. ಕನ್ನಡದಲ್ಲಿ ಇದು ದೀವಿಹಲಸು, ಅಂದರೆ ದ್ವೀಪದ ಹಲಸು. ಅದರ ತವರು ಶಾಂತಸಾಗರದ ದ್ವೀಪಗಳು. ನಮ್ಮಲ್ಲಿ ಬೆಳೆಯುವ ಜೀಗುಜ್ಜೆಗೆ ಬೀಜವಿಲ್ಲ. ಕಾಂಡವೂ ಸುಲಭವಾಗಿ ಬೇರು ಬಿಡದು. ನೆಲದ ಮೇಲಕ್ಕೆ ಬಂದ ಬೇರಿಗೆ ಕತ್ತಿಯಿಂದ ಸ್ವಲ್ಪ ಗಾಯ ಮಾಡಿದರೆ ಅಲ್ಲಿಂದ ಮರಿ ಏಳುತ್ತದೆ. ಆ ಮರಿಯನ್ನು ಕಿತ್ತು ಇನ್ನೊಂದು ಮನೆಗೆ ಒಯ್ಯಬೇಕು. ಅಂದರೆ ಇಂದು ಪುಂಜಾಲಕಟ್ಟೆಯಲ್ಲೋ ಸಿದ್ಧಕಟ್ಟೆಯಲ್ಲೋ ನಿಂತಿರುವ ಪ್ರತಿಯೊಂದು ಜೀಗುಜ್ಜೆಯ ಹಿಂದೆ, ಕಡಲಾಚೆಯ ದ್ವೀಪದವರೆಗೂ, ಕೈಯಿಂದ ಕೈಗೆ ದಾಟಿಸಿದ ಮನುಷ್ಯರ ಸರಪಳಿ ಇದೆ. ಮಧ್ಯದಲ್ಲಿ ಒಬ್ಬರು ಕೊಡದೆ ಇದ್ದಿದ್ದರೂ ಆ ಮರ ಇಲ್ಲಿರುತ್ತಿರಲಿಲ್ಲ.

ಈ ಮರದ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕದ ಗುಲಾಮರಿಗೆ ಅಗ್ಗದ ಆಹಾರ ಬೇಕೆಂದು ಬ್ರಿಟಿಷರು ತಾಹಿತಿಯಿಂದ ಜೀಗುಜ್ಜೆ ತರಿಸಲು ಹೊರಟರು. ಕ್ಯಾಪ್ಟನ್ ಬ್ಲೈ ಬೌಂಟಿ ಎಂಬ ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಗಿಡಗಳನ್ನು ತುಂಬಿಕೊಂಡು ಹೊರಟಾಗ, 1789ರ ಏಪ್ರಿಲ್ 28ರಂದು ನಾವಿಕರು ದಂಗೆಯೆದ್ದರು. ಗಿಡಗ��ೆಲ್ಲ ಕಡಲು ಪಾಲಾದವು. ಛಲ ಬಿಡದ ಬ್ಲೈ ಎರಡನೆಯ ಯಾತ್ರೆಯಲ್ಲಿ 1793ರಲ್ಲಿ ಗಿಡಗಳನ್ನು ಮುಟ್ಟಿಸಿದ. ವಿಪರ್ಯಾಸವೆಂದರೆ ಯಾರಿಗಾಗಿ ತಂದರೋ ಆ ಗುಲಾಮರು ಮೊದಲಿಗೆ ಅದನ್ನು ಇಷ್ಟಪಟ್ಟು ತಿನ್ನಲಿಲ್ಲ. ಅದೇ ಮರ, ಅದೇ ಮರಿ. ನೆರೆಮನೆಯವರು ಕೊಟ್ಟಾಗ ಅದು ಊಟವಾಯಿತು. ಒಡೆಯ ಕೊಟ್ಟಾಗ ಅದು ಲೆಕ್ಕವಾಯಿತು.

ವಿಟ್ಲ, ಪುತ್ತೂರು

ಸ್ವಾತಂತ್ರ್ಯದ ನಂತರ ಈ ವಿದ್ಯೆಗೆ ಸರಕಾರಿ ಪ್ರಯೋಗಾಲಯಗಳು ಬಂದವು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಯಿತು. ಅಡಿಕೆ ತೋಟದ ನೆರಳಿಗೆ ಒಗ್ಗುವ ಕೊಕ್ಕೋ ಗಿಡ 1970ರ ದಶಕದಲ್ಲಿ ನಮ್ಮ ಜಿಲ್ಲೆಯ ತೋಟಗಳಿಗೆ ಇಳಿಯಿತು. ಕೊಕ್ಕೋ ಬೀಜ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಬಗೆ. ಚೆನ್ನಾಗಿ ಕಾಯಿ ಬಿಡುವ ಮರದ ಗುಣ ಹಾಗೆಯೇ ಉಳಿಯಬೇಕಾದರೆ ಅದರ ಕಡ್ಡಿಯೇ ಬೇಕು. ಟ್ರಿನಿಡಾಡಿನ ಕೃಷಿ ಕಾಲೇಜಿನವರು 1930ರ ದಶಕದಲ್ಲೇ ಕೊಕ್ಕೋ ಕಡ್ಡಿಗೆ ಬೇರು ಬರಿಸುವ ಕ್ರಮವನ್ನು ಕಂಡುಕೊಂಡಿದ್ದರು. ವಿಟ್ಲದಲ್ಲಿ ದೇಶವಿದೇಶಗಳ ಕೊಕ್ಕೋ ತಳಿಗಳ ಸಂಗ್ರಹ ಬೆಳೆಯಿತು. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು.

ಅದೇ 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವೂ ಬಂತು. ಗೇರಿನ ಕತೆ ಇಲ್ಲಿ ಗಮನಾರ್ಹ. ಒಳ್ಳೆಯ ಗೇರು ಮರವನ್ನು ಹೆಚ್ಚಿಸಲು ಮೊದಲು ಗೂಟಿ ಗಿಡಗಳನ್ನು ಮಾಡಿ ಹಂಚುತ್ತಿದ್ದರು. ಗಿಡ ಬೇಗ ಫಲ ಕೊಟ್ಟಿತು. ಆದರೆ ಗಾಳಿ ಬಂದಾಗ ಬುಡಮೇಲಾಯಿತು. ಗೆಲ್ಲಿನಿಂದ ಬಂದ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಸುತ್ತ ಹರಡುವ ಬೇರುಗಳಷ್ಟೇ ಅದರ ಆಸರೆ. ಗುಡ್ಡೆಯ ಮೇಲಿನ ಗಾಳಿಗೆ ಅದು ಸಾಲದು. ಕೊನೆಗೆ ಬೀಜದಿಂದ ಎದ್ದ ಎಳೆ ಗಿಡದ ತಲೆ ಕತ್ತರಿಸಿ, ಸೀಳಿ, ಒಳ್ಳೆಯ ಮರದ ಕುಡಿಯನ್ನು ಸೇರಿಸಿ ಕಟ್ಟುವ ಮೃದುಕಾಂಡ ಕಸಿಯೇ ರೂಢಿಗೆ ಬಂತು. ತಾಯಿಬೇರು ಒಂದು ಮರದ್ದು, ಹಣ್ಣು ಇನ್ನೊಂದರದ್ದು. ಇಬ್ಬರ ಗಾಯಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಮಾತ್ರ ಆ ಕಸಿ ಕೂಡುತ್ತದೆ.

ತಾಯಿಬೇರಿಲ್ಲದ ಮರ ದುರ್ಬಲ ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ನೆಲ ನೋಡಿ ನೆಡಬೇಕು, ಗಾಳಿಗೆ ಆಸರೆ ಕೊಡಬೇಕು, ಅಷ್ಟೆ. ಬೇಲಿಯ ಸಾಲಿನಲ್ಲಿ ಒಂದಕ್ಕೊಂದು ಬೇರು ಹೆಣೆದು ನಿಂತ ಅಂಬಡೆ, ನುಗ್ಗೆಗಳು ಎಷ್ಟೋ ಮಳೆಗಾಲಗಳನ್ನು ಕಂಡಿವೆ.

ಚೀಟಿ ನಂಬಿ ಕೊಂಡ ಗಿಡ

ಮೂಡುಬಿದಿರೆಯಲ್ಲಿ ಹೊಸ ಹಣ್ಣುಗಳಿಗೆ ದಾರಿ ತೋರಿದ್ದು ಸೋನ್ಸ್ ಫಾರ್ಮ್. ಡಾ. ಎಲ್.ಸಿ. ಸೋನ್ಸ್ ಅವರ ಅನಾನಸು, ರಂಬುಟಾನ್, ಮ್ಯಾಂಗೊಸ್ಟೀನ್‌ಗಳನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಪುತ್ತೂರಿನಿಂದ 1988ರಲ್ಲಿ ಹೊರಡತೊಡಗಿದ ‘ಅಡಿಕೆ ಪತ್ರಿಕೆ’ ಕೃಷಿಕರ ಅನುಭವವನ್ನು ಕೃಷಿಕರಿಂದಲೇ ಬರೆಸಿ, ಮುಂದೆ ಶ್ರೀ ಪಡ್ರೆಯವರ ಮುಂದಾಳುತನದಲ್ಲಿ ಕೊಳೆತು ಹೋಗುತ್ತಿದ್ದ ಹಲಸಿಗೆ ಮಾನ ತಂದುಕೊಟ್ಟಿತು. ಇಂದು ಬೆಳ್ತಂಗಡಿ ತಾಲೂಕಿನಲ್ಲಿ ನೂರಾರು ಬಗೆಯ ವಿದೇಶಿ ಹಣ್ಣುಗಳನ್ನು ಬೆಳೆಸಿದ ಕೃಷಿಕರಿದ್ದಾರೆ. ಅಡಿಕೆಗೆ ರೋಗಗಳ ಕಾಟ ಹೆಚ್ಚಿದಷ್ಟೂ ಹಣ್ಣಿನ ಕಡೆ ನೋಡುವವರು ಹೆಚ್ಚಾಗಿದ್ದಾರೆ. ಗಿಡಗಳ ವ್ಯಾಪಾರವೂ ಬೆಳೆದಿದೆ. ಇದರಲ್ಲಿ ತಪ್ಪೇನೂ ಇಲ್ಲ. ಕಸಿ ಕಟ್ಟುವ ಕೈಗೆ ಕೂಲಿ ಸಿಗಬೇಕಾದದ್ದೇ.

ಆದರೆ ನಮಗೊಂದು ಅನುಭವವಾಯಿತು. ಹದಿನೈದು ವರ್ಷಗಳ ಹಿಂದೆ ಒಂದು ನರ್ಸರಿಯಿಂದ ಕಸಿಗಿಡವೆಂದು ಚೀಟಿ ಕಟ್ಟಿದ ರಂಬುಟಾನ್ ಕೊಂಡು ತಂದೆವು. ಏಳು ವರ್ಷ ನೀರೆರೆದು ಸಾಕಿದ ಮೇಲೆ ಹೂ ಬಿಟ್ಟಿತು, ಹಣ್ಣಾಗಲಿಲ್ಲ. ತಿಳಿದವರೊಬ್ಬರು ಬಂದು ನೋಡಿ, ಇದು ಗಂಡು ಮರ, ಕಸಿಯ ಗುರುತೂ ಇಲ್ಲ, ಬೀಜದ ಗಿಡವನ್ನೇ ಕೊಟ್ಟಿದ್ದಾರೆ ಎಂದರು. ರಂಬುಟಾನಿನ ಬೀಜದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗುವುದುಂಟು. ಅದಕ್ಕೇ ಕಣ್ಣು ಕಸಿಯ ಗಿಡವನ್ನೇ ನೆಡಬೇಕು. ನರ್ಸರಿಗೆ ಹೋಗಿ ಕೇಳೋಣವೆಂದರೆ ಏಳು ವರ್ಷದ ಹಿಂದಿನ ಚೀಟಿ ಎಲ್ಲಿ ಉಳಿದೀತು?

ನೆರೆಮನೆಯಿಂದ ಗೆಲ್ಲು ತಂದಾಗ ಇಂತಹ ಮೋಸಕ್ಕೆ ಎಡೆಯಿರಲಿಲ್ಲ. ತಾಯಿಮರ ಕಣ್ಣೆದುರಿಗೇ ಇರುತ್ತಿತ್ತು, ಅದರ ಹಣ್ಣು ತಿಂದ ರುಚಿ ನಾಲಗೆಯ ಮೇಲಿರುತ್ತಿತ್ತು. ಮುಖ್ಯವಾಗಿ, ಕೊಟ್ಟವರನ್ನು ನಾಳೆ ಬೆಳಿಗ್ಗೆಯೂ ನೋಡಲಿಕ್ಕಿತ್ತು.

ಕೊಟ್ಟ ಕೈಗೆ ಹೆಸರು ಬಂದ ಉದಾಹರಣೆ ಇಲ್ಲವೆಂದಲ್ಲ. ತುಮಕೂರು ಜಿಲ್ಲೆಯ ಚೇಳೂರಿನ ಕೃಷಿಕರೊಬ್ಬರ ಮನೆಯ ಕೆಂಪು ತೊಳೆಯ ಹಲಸನ್ನು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 2010ರ ದಶಕದ ಕೊನೆಯಲ್ಲಿ ಗುರುತಿಸಿ, ಆ ಮರ ನೆಟ್ಟ ತಂದೆ ಸಿದ್ದಪ್ಪನವರ ಹೆಸರಿನಲ್ಲೇ ‘ಸಿದ್ದು’ ಎಂದು ಕರೆಯಿತು. ಕಸಿಗಿಡಗಳ ಮಾರಾಟದ ಆದಾಯದಲ್ಲಿ ಶೇಕಡ 75 ಕೃಷಿಕರಿಗೆ ಎಂಬ ಒಪ್ಪಂದವೂ ಆಯಿತು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತರು ತಮ್ಮ ಬೀಜವನ್ನು ಉಳಿಸಿಕೊಳ್ಳುವ, ಹಂಚಿಕೊಳ್ಳುವ, ಬದಲಾಯಿಸಿಕೊಳ್ಳುವ ಹಕ್ಕನ್ನು ಒಪ್ಪಿಕೊಂಡಿದೆ. ಕಾನೂನಿನ ಕಲಂ ನೆಡುವ ಕಲಮಿಗೆ ನೆರಳಾಗಬಲ್ಲದು ಎಂಬುದಕ್ಕೆ ಇದೊಂದು ಸಾಕ್ಷಿ.

ಬೇಲಿ ಹೋಗಿ ಗೋಡೆ ಬಂದಾಗ

ನಮ್ಮ ಅಂಬಡೆ ಮರದ ಮಾತಿಗೆ ಮರಳೋಣ. ಅದು ನಮ್ಮ ಮನೆಗೆ ಬಂದದ್ದು ಓಣಿಯಾಚೆಯ ಶೆಡ್ತಿಯವರ ಹಿತ್ತಿಲಿನಿಂದ. ಅವರ ಅತ್ತೆ ನಮ್ಮ ದಾದಿಮಾರಿಗೆ ಕೊಟ್ಟ ಗೆಲ್ಲು ಅದು. ದಾದಿಮಾರಿಗೆ ತುಳುವಿನಲ್ಲಿ ಬರುತ್ತಿದ್ದ ಮಾತು ಕಡಿಮೆ. ಆದರೆ ‘ಒಂಜಿ ಗೆಲ್ಲ್ ಕೊರ್ಲೆ’ ಎನ್ನುವುದನ್ನು ಅವರು ತಪ್ಪಿಲ್ಲದೆ ಹೇಳುತ್ತಿದ್ದರು. ಪ್ರತಿಯಾಗಿ ನಮ್ಮ ಹಿತ್ತಿಲಿನ ಜೀಗುಜ್ಜೆಯ ಮರಿಯೊಂದು ಅವರ ಬಾವಿಕಟ್ಟೆಯ ಬಳಿಗೆ ಹೋಯಿತು. ಅವರ ಮನೆಯ ಅಡುಗೆಗೆ ನಮ್ಮ ಮರದ ಕಾಯಿ, ನಮ್ಮ ಮೀನಿನ ಸಾರಿಗೆ ಅವರ ಮರದ ಹುಳಿ. ನಡುವೆ ಇದ್ದದ್ದು ಒಂದು ಬೇಲಿ, ದಾಟಲು ಒಂದು ತಡಮೆ.

2015ರಲ್ಲಿ ಓಣಿ ಅಗಲವಾಯಿತು. ಬೇಲಿ ತೆಗೆದು ಎರಡೂ ಕಡೆ ಕಲ್ಲಿನ ಕಂಪೌಂಡು ಕಟ್ಟಿದೆವು. ನಾವು ಊರಲ್ಲಿಲ್ಲದ ವಾರದಲ್ಲಿ ಅಂಬಡೆ ಮರ ಉರುಳಿತು, ಸೌದೆಯ ಲಾರಿ ಅದನ್ನು ಒಯ್ದಿತು. ಒಂದು ಗೆಲ್ಲನ್ನಾದರೂ ಉಳಿಸಿ ಎಂದು ಹೇಳಿ ಹೋಗುವುದಕ್ಕೆ ನಮಗೆ ತೋಚಲಿಲ್ಲ. ಹೋದರೆ ಹೋಗಲಿ, ತಾಯಿಮರ ಆಚೆ ಇದೆಯಲ್ಲ, ಬೇಕಾದಾಗ ಕೇಳಿದರಾಯಿತು ಎಂದುಕೊಂಡೆವು.

ಕೇಳುವುದು ಮುಂದೆ ಹೋಗುತ್ತಲೇ ಇತ್ತು. 2017ರ ಬೇಸಗೆಯ ಕೊನೆಯಲ್ಲಿ ಕಲ್ಲಡ್ಕದಲ್ಲಿ ಗಲಭೆಯಾಗಿ ಬಂಟ್ವಾಳ ತಾಲೂಕಿನಲ್ಲಿ ಕಲಂ 144ರ ನಿಷೇಧಾಜ್ಞೆ ಬಂತು. ಪತ್ತನಾಜೆ ಆಗಷ್ಟೇ ಕಳೆದು, ಮಳೆ ಹಿಡಿಯುವ ಹೊತ್ತು. ಊರಿನವರು ಬಳ್ಳಿ, ಕಡ್ಡಿ ಕೇಳಿಕೊಂಡು ಮನೆಯಿಂದ ಮನೆಗೆ ಹೋಗುವ ದಿನಗಳು. ಆ ಮಳೆಗಾಲ ನಾವು ಯಾರ ಮನೆಗೂ ಕಡ್ಡಿ ಕೇಳಲು ಹೋಗಲಿಲ್ಲ. ನಮ್ಮಲ್ಲಿಗೂ ಯಾರೂ ಬರಲಿಲ್ಲ. ಶೆಡ್ತಿಯವರು ನಮಗೆ ಏನೂ ಅಂದಿರಲಿಲ್ಲ, ನಾವೂ ಅಂದಿರಲಿಲ್ಲ. ಆದರೂ ಗೇಟಿನವರೆಗೆ ಹೋಗಿ ಹಿಂದೆ ಬಂದೆವು. ಗುಂಪು ಸೇರಬಾರದೆಂಬ ಆಜ್ಞೆ ಒಬ್ಬೊಬ್ಬರೇ ನಡೆಯುವ ಕಾಲುಗಳಿಗೂ ತಗುಲಿಕೊಂಡಿತ್ತು.

ದಂಡ ಪ್ರಕ್ರಿಯಾ ಸಂಹಿತೆಯ ಆ ಕಲಂ 144ರ ಜಾಗದಲ್ಲಿ 2024ರ ಜುಲೈಯಿಂದ ಹೊಸ ಸಂಹಿತೆಯ ಕಲಂ 163 ಬಂದಿದೆ. 2025ರ ಮೇ ಕೊನೆಯಲ್ಲಿ ಬಂಟ್ವಾಳದಲ್ಲಿ ನಡೆದ ಕೊಲೆಯ ನಂತರ ಅದೂ ನಮ್ಮ ಕಡೆ ಜಾರಿಗೆ ಬಂತು. ಅದೂ ಮಳೆ ಹಿಡಿಯುವ ಹೊತ್ತೇ. ಸಂಖ್ಯೆ ಬದಲಾದರೂ ಋತು ಬದಲಾಗಲಿಲ್ಲ. ಒಂದು ವರ್ಷ ಬೀಜ ಬಿತ್ತದಿದ್ದರೂ ಬೀಜ ಡಬ್ಬದಲ್ಲಿ ಮಲಗಿ ಮುಂದಿನ ಮಳೆಗೆ ಕಾದೀತು. ಕಡಿದ ಗೆಲ್ಲು ಹಾಗೆ ಕಾಯುವುದಿಲ್ಲ. ಅದು ಹಸಿಯಿರುವಾಗಲೇ ಒಂದು ಅಂಗಳದಿಂದ ಇನ್ನೊಂದಕ್ಕೆ ತಲುಪಬೇಕು. ನೆರೆಹೊರೆಯವರು ಪರಸ್ಪರ ಕೇಳುವುದನ್ನು ನಿಲ್ಲಿಸಿದ ಊರಿನಲ್ಲಿ ಮೊದಲು ಇಲ್ಲವಾಗುವುದು ಜೀಗುಜ್ಜೆಯಂತಹ ಬೀಜವಿಲ್ಲದ ಮರಗಳೇ.

2018ರ ಸುಗ್ಗಿ ತಿಂಗಳಲ್ಲಿ ಕೊನೆಗೂ ನಾವು ಶೆಡ್ತಿಯವರ ಗೇಟು ತೆರೆದು ಹೋದೆವು. ಅವರು ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಅಂಬಡೆ ಮರ ಎಲೆಯುದುರಿಸಿ ಬೋಳಾಗಿ ನಿಂತಿತ್ತು.

“ಅಕ್ಕಾ, ಒಂದು ಗೆಲ್ಲು ಬೇಕಿತ್ತು” ಎಂದೆವು.

ಅವರು ಕತ್ತಿ ತರಲು ಮಗನಿಗೆ ಹೇಳಿದರು. ಆಮೇಲೆ ನಮ್ಮ ಮುಖ ನೋಡಿ, “ಕಳೆದ ವರ್ಷವೇ ಬರ್ತೀರಿ ಅಂತ ಇದ್ದೆ. ಮರ ಕಡಿಸುವಾಗ ನಿಮ್ಮ ಬೂಬಮ್ಮ ಇದ್ದಿದ್ದರೆ ಬೈತಿದ್ರು” ಎಂದರು. ಮಗ ಒಂದು ಗೆಲ್ಲು ಕಡಿದು ಕೊಟ್ಟ. ಶೆಡ್ತಿಯವರು ಇನ್ನೊಂದನ್ನೂ ಕಡಿಯಲು ಹೇಳಿದರು. ಒಂದೇ ನೆಟ್ಟರೆ ಬಂದೀತೆಂದು ಹೇಳಲಾಗದು ಎಂದರು. ಹೊರಡುವಾಗ, ಬಾವಿಕಟ್ಟೆಯ ಜೀಗುಜ್ಜೆ ಮುದಿಯಾಗಿದೆ, ನಿಮ್ಮಲ್ಲಿ ಮರಿ ಎದ್ದರೆ ಒಂದು ಇಡಿ ಎಂದೂ ಹೇಳಿದರು.

ಎರಡು ಗೆಲ್ಲುಗಳಲ್ಲಿ ಒಂದು ಆ ಮಳೆಗಾಲಕ್ಕೆ ಕೊಳೆಯಿತು. ಇನ್ನೊಂದು ಚಿಗುರಿತು. ಈಗ ಅದು ಗೋಡೆಗಿಂತ ಎತ್ತರವಾಗಿದೆ, ಕಾಯಿಯೂ ಬಿಡುತ್ತಿದೆ. ಜೀಗುಜ್ಜೆಯ ಬೇರಿಗೆ ಕತ್ತಿಯಿಂದ ಗಾಯ ಮಾಡಿ ಎಬ್ಬಿಸಿದ ಮರಿಯೊಂದನ್ನು ನಾವೂ ಆಚೆಗೆ ಮುಟ್ಟಿಸಿದ್ದೇವೆ.